ಹಡೆದವಳ ಸಾಕ್ಷಿ

ಮಗ್ಗದ ಮೇಲಿನ ಹಾಸಿನ ಎಳೆಗಳು ಮತ್ತೆ ತುಂಡಾಗಿ ಜೋತುಬಿದ್ದಿದ್ದವು! ಕತ್ತರಿಸಿದ ರೇಷ್ಮೆ ಎಳೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಈಶ್ವರಿ ತನ್ನ ಅತ್ತೆ ಆಶಮ್ಮನ ಮುಂದೆ ಬಂದು ನಿಂತಳು.

"ನಿಮ್ಮ ಮಗ ಬಿಟ್ಟುಹೋದ ಸಿಟ್ಟು ನನ್ನ ಮಗ್ಗದ ಮ್ಯಾಲ ಯಾಕ ತೀರಿಸ್ಕೊಂತೀರಿ ಅತ್ತೀ?"

ಆಶಮ್ಮ ಆ ಮಗ್ಗವನ್ನು ಮುಟ್ಟಿಯೂ ಇರಲಿಲ್ಲ. ಮಗ ಚಂದ್ರಕಾಂತ್ ಸೋಡಚೀಟಿ ಪಡೆದು ಈಶ್ವರಿಯನ್ನು ಬಿಟ್ಟು ಗದ್ವಾಲದಲ್ಲಿ ಇನ್ನೊಬ್ಬಳಿಗೆ ತಾಳಿ ಕಟ್ಟಿದ ಮೇಲೂ ನಾರಾಯಣಪೇಟೆಯಲ್ಲಿ ಸೊಸೆಯ ಜೊತೆಗೇ ಉಳಿದವಳು ಅವಳು. ಆದರೇನು, ಹೆತ್ತವರಿಗೆ ಹೆಗ್ಗಣ ಮುದ್ದು! ಪ್ರತಿ ಭಾನುವಾರ ಮಗಳನ್ನು ಕರೆದೊಯ್ಯಲು ಕೋರ್ಟು ಅವನಿಗೆ ಅನುಮತಿ ಕೊಟ್ಟಾಗ, ಒಲ್ಲೆನೆಂದ ಸೊಸೆಯನ್ನು ಅತ್ತು ಕರೆದು ಒಪ್ಪಿಸಿದವಳೂ ಅವಳೇ. ಎಂಟು ವರ್ಷದ ಶಿರಿಷಾಳನ್ನು ಮಕ್ತಲ್ ಬಸ್‌ಸ್ಟ್ಯಾಂಡಿನವರೆಗೆ ಕರೆದುಕೊಂಡು ಹೋಗಿ ಮಗನ ಕೈಗೆ ಒಪ್ಪಿಸುತ್ತಿದ್ದಳು. ಈಚೆಗೆ ಮಗು ನಿದ್ದೆಯಲ್ಲಿ ಬೆಚ್ಚುತ್ತಿತ್ತು, ತಾಯಿ ಮುಟ್ಟಿದರೆ ದೂರ ಸರಿಯುತ್ತಿತ್ತು. ಅಪ್ಪನ ನೆನಪು ಎಂದುಕೊಂಡಿದ್ದಳು, ಪಾಪ, ಮುದುಕಿ!

ಹಾಸು ತುಂಡಾಗುತ್ತಿದ್ದುದು ಸೋಮವಾರವೇ ಎಂದು ನೆನಪಾಗಿ, ಮುಂದಿನ ಸೋಮವಾರ ಬೆಳಗ್ಗೆ ಸೊಸೆ ನೀರಿಗೆ ಹೋದಾಗ ಆಶಮ್ಮ ಬಾಗಿಲ ಮರೆಯಲ್ಲಿ ಕಾದು ಕುಳಿತಳು. ಬ್ಲೇಡು ಹಿಡಿದು ಮಗ್ಗದ ಬಳಿ ಬಂದದ್ದು... ಶಿರಿಷಾ!

"ಯಾರು ಹೇಳ್ಯಾರವ್ವಾ ನಿನಗ?"

ಮಗು ಬ್ಲೇಡನ್ನು ಬೆನ್ನ ಹಿಂದೆ ಅಡಗಿಸಿಕೊಂಡಿತು. "ಅಪ್ಪ... ಮಗ್ಗ ನಿಂತ್ರ ಅವ್ವ ಸೋತು ಗದ್ವಾಲಕ್ಕ ಬರ್ತಾಳಂತ. ಆ ಚಿಕ್ಕವ್ವನ್ನ ಕಳಿಸಿಬಿಡ್ತಾನಂತ. ಎಲ್ಲಾರೂ ಕೂಡಿ ಇರೂನು ಅಂದಾನ... ಅಜ್ಜೀ, ಅವ್ವಗ ಹೇಳಬ್ಯಾಡ! ಹೇಳಿದ್ರ ಅಪ್ಪ ಹೊಳಿಗೆ ಬೀಳ್ತಾನಂತ!"

ಆಶಮ್ಮನಿಗೆ ಮಗನ ಸಂಚು ತಿಳಿದುಹೋಯಿತು. ಮಗ್ಗ ನಿಂತರೆ ಈಶ್ವರಿಗೆ ಸಾಕಲು ಗತಿಯಿಲ್ಲವೆಂದು ಕೋರ್ಟಿಗೆ ತೋರಿಸಿ ಮಗಳನ್ನೇ ಕಿತ್ತುಕೊಳ್ಳುವುದು! ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅಯ್ಯೋ, ಈ ಕೂಸನ್ನು ಕೈಹಿಡಿದು ಕರೆದೊಯ್ದದ್ದು ಇದಕ್ಕೇನಾ? ಗೋಡೆಗೆ ಹಣೆ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಸೊಸೆಗೆ ಎಲ್ಲವನ್ನೂ ಹೇಳಿದಳು. ಅದೇ ವಾರ ಈಶ್ವರಿ ಭಾನುವಾರದ ಭೇಟಿ ನಿಲ್ಲಿಸುವಂತೆ ಕೋರ್ಟಿಗೆ ಅರ್ಜಿ ಹಾಕಿದಳು.

ವಿಚಾರಣೆಯ ದಿನ ಕೋರ್ಟಿನ ವರಾಂಡದಲ್ಲಿ ಚಂದ್ರಕಾಂತ್ ತಾಯಿಗೆ ಅಡ್ಡ ನಿಂತ. "ಹಡದ ಮಗನ ಮ್ಯಾಲ ಸಾಕ್ಷಿ ಹೇಳ್ತಿಯೇನವ್ವಾ?"

"ಸಾಯ್ತೀನಂತ ಕೂಸಿಗೆ ಅಂಜಸ್ತಿಯಲ್ಲೋ! ನಿನ್ನ ನಂಬಿ ಕಳಿಸಿದಾಕಿ ನಾನು. ನಾನು ಹೇಳಲಿಲ್ಲಂದ್ರ ಇನ್ಯಾರು ಹೇಳಬೇಕು?"

ಒಳಗೆ ಅವಳು ಏನನ್ನೂ ಮುಚ್ಚಿಡಲಿಲ್ಲ. ಭಾನುವಾರಗಳು ರದ್ದಾದವು. ಇನ್ನು ತಿಂಗಳಿಗೊಮ್ಮೆ, ಕೋರ್ಟಿನ ಕೋಣೆಯಲ್ಲೇ, ಅಧಿಕಾರಿಯ ಕಣ್ಣೆದುರೇ ಅವನು ಮಗಳನ್ನು ನೋಡಬೇಕು. ಚಂದ್ರಕಾಂತ್ ಮಗಳತ್ತ ತಿರುಗಿಯೂ ನೋಡದೆ ಹೊರಟುಹೋದ.

"ನನ್ನ ಅಪ್ಪನ ಕಡಿಂದ ಬಿಡಿಸಿದ್ದು ಯಾರು? ಅವ್ವನಾ?" ಶಿರಿಷಾ ಚೀರಿದಳು.

ಈಶ್ವರಿ ಬಾಯಿ ತೆರೆಯುವ ಮೊದಲೇ ಆಶಮ್ಮ ಮುಂದೆ ಬಂದಳು. "ಅಲ್ಲವ್ವಾ, ನಾನು. ನಿಮ್ಮವ್ವ ಬ್ಯಾಡ ಬ್ಯಾಡ ಅಂದ್ಲು. ನಾನೇ ಹಟ ಮಾಡಿ ಬಿಡಿಸೀನಿ."

"ನೀ ನಮ್ಮಜ್ಜಿ ಅಲ್ಲ! ನನ್ನ ಮುಟ್ಟಬ್ಯಾಡ!"

ಮಗು ಓಡಿಹೋಗಿ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿತು. ಎಷ್ಟೋ ತಿಂಗಳ ಮೇಲೆ ಮಗಳು ತಾನಾಗಿ ಬಂದು ಅಪ್ಪಿಕೊಂಡಿದ್ದಳು! ಈಶ್ವರಿಯ ಕಣ್ಣು ತುಂಬಿ ಬಂತು.

"ಅತ್ತೀ... ಯಾಕ ಹಿಂಗ ಸುಳ್ಳು ಹೇಳಿದ್ರಿ?" ಎಂದಳು ಪಿಸುದನಿಯಲ್ಲಿ.

"ಸುಮ್ನಿರವ್ವಾ. ಕೂಸಿಗೆ ಸಿಟ್ಟು ಮಾಡಾಕ ಯಾರಾರ ಒಬ್ಬರು ಬೇಕು. ಅದು ನೀ ಆಗೂದು ಬ್ಯಾಡ."

ಮನೆಯ ದಾರಿಯುದ್ದಕ್ಕೂ ಶಿರಿಷಾ ತಾಯಿಯ ಕೈ ಬಿಡಲಿಲ್ಲ. ಮೊಮ್ಮಗಳು ಎಲ್ಲಾದರೂ ತಿರುಗಿ ನೋಡಿದರೆ ತನ್ನ ಕಣ್ಣೀರು ಕಾಣಬಾರದೆಂದು ಆಶಮ್ಮ ದೂರ ಹಿಂದುಳಿದು ನಡೆದಳು.