ಮಣಿಗಳಾಗಿ ಹೋದ ಮಕ್ಕಳು

ಬಹಳ ಹಿಂದಿನ ಮಾತು. ಏಳು ಕೆರೆಗಳಾಚೆ ನೀರಂಗಿ ಎಂಬ ರಾಜ್ಯವಿತ್ತು. ಅಲ್ಲಿನ ತಂದೆತಾಯಿಯರಿಗೆ ಒಂದು ಹುಚ್ಚು ಹಿಡಿದಿತ್ತು ನೋಡಿ. ಹಾಲು ಕುಡಿಯುವ ಕೂಸೂ ಲೆಕ್ಕ ಹೇಳಬೇಕು! ಪಕ್ಕದ ಮನೆಯ ಮಗು ನೂರು ಎಣಿಸಿತೆಂದರೆ ಈ ಮನೆಯಲ್ಲಿ ಆವತ್ತು ಒಲೆ ಹತ್ತುತ್ತಿರಲಿಲ್ಲ.

ಈ ಹುಚ್ಚಿನ ವಾಸನೆ ಹಿಡಿದು ಗಣನಾಕ್ಷನೆಂಬ ಮಾಂತ್ರಿಕ ಬಂದ. ಕರಿಬಂಡೆಯ ಮೇಲೆ ಪಾಠಶಾಲೆ ತೆರೆದ. ಒಳಗೆ ಗೋಡೆಯಷ್ಟು ದೊಡ್ಡ ಮಣಿಚೌಕಟ್ಟು. ಕಂಬಿಗೆ ಪೋಣಿಸಿದ ಮಣಿಗಳು ಮೇಲೆ ಕೆಳಗೆ ಸರಿದರೆ ಎಂಥ ಲೆಕ್ಕವೂ ಚಿಟಿಕೆ ಹೊಡೆಯುವುದರೊಳಗೆ ಮುಗಿಯುತ್ತಿತ್ತು.

"ಮಕ್ಕಳನ್ನು ಬಿಟ್ಟುಹೋಗಿ, ಜಾಣರನ್ನು ಕರೆದೊಯ್ಯಿರಿ" ಎಂದ. ಜನ ನಾ ಮುಂದು ತಾ ಮುಂದು ಎಂದು ಓಡಿದರು. ಹೋದ ಮಕ್ಕಳು ತಿರುಗಿ ಬರಲಿಲ್ಲ. ಒಳಗೆ ಕಾಲಿಟ್ಟ ಕೂಸು ಮಣಿಯಾಗಿ ಕಂಬಿ ಸೇರುತ್ತಿತ್ತು. ಆ ಮಣಿಗಳ ಲೆಕ್ಕದಲ್ಲೇ ಮಾಂತ್ರಿಕನ ಪ್ರಾಣವಿತ್ತು. ಒಂದು ಕಳಚಿದರೂ ಅವನ ಕತೆ ಮುಗಿದಂತೆಯೇ.

ನೂಲಿಗೆ ಬಣ್ಣ ಹಾಕುವ ಸಾಂತವ್ವ ತನ್ನ ಪುಟ್ಟ ಮಗ ಕೆಂಚನನ್ನು ಹೀಗೇ ಬಿಟ್ಟುಬಂದಿದ್ದಳು. ಅವನು ಸೆರಗು ಹಿಡಿದು ಅತ್ತಾಗ ಬೆನ್ನಿಗೊಂದು ಬಾರಿಸಿ ಒಳಗೆ ತಳ್ಳಿದ್ದಳು. ಈಗ ಅವಳಿಗೆ ಅನ್ನ ಸೇರದು. "ನನ್ನ ಕೈ ಸೇದಿಹೋಗ!" ಎಂದು ಅತ್ತೂ ಅತ್ತೂ ಕಡೆಗೆ ಬಂಡೆ ಹತ್ತಿದಳು.

"ನನ್ನ ಮಗನ್ನ ಕೊಡು" ಎಂದಳು.

ಮಾಂತ್ರಿಕ ನಕ್ಕ. "ಅದಕ್ಕೇನಂತೆ! ಯಾವ ಮಣಿ ನಿನ್ನ ಮಗ, ಮುಟ್ಟಿ ತೋರಿಸು. ಮೂರು ಸಲ ಬಿಡ್ತೀನಿ. ತಪ್ಪಿದರೆ ನಿನ್ನದೇನಾದರೂ ಕಿತ್ಕೋತೀನಿ. ಮೂರನೇ ಸಲ ತಪ್ಪಿದರೆ ನೀನೂ ಮಣಿ. ಮುಂಚೆ ಬಂದ ಅಪ್ಪ ಅಮ್ಮಂದಿರೆಲ್ಲ ಅಗೋ, ಆ ದಪ್ಪ ಮಣಿಗಳು."

ಸಾಂತವ್ವ ಎಲ್ಲಕ್ಕಿಂತ ಹೊಳೆಯುವ ಮಣಿ ಮುಟ್ಟಿದಳು. "ನಾನಲ್ಲಮ್ಮಾ!" ಎಂದು ಯಾರೋ ಹುಡುಗಿ ಒಳಗಿಂದ ಚೀರಿದಳು. ಸಾಂತವ್ವನ ತಲೆಗೂದಲೆಲ್ಲ ಬೆಳ್ಳಗಾಯಿತು.

ಮಾಂತ್ರಿಕ ಒಂದು ಲೆಕ್ಕ ಕೂಗಿದ. ಮಣಿಗಳು ಟಕಟಕ ಓಡಿದವು. ಎಲ್ಲಕ್ಕಿಂತ ಮುಂದೆ ಓಡಿದ್ದನ್ನು ಮುಟ್ಟಿದಳು. "ನಾನಲ್ಲಮ್ಮಾ!" ಎಂದು ಬೇರೊಬ್ಬ ಹುಡುಗ ಅತ್ತ. ಅವಳ ಎಡಗಣ್ಣು ಕತ್ತಲಾಯಿತು.

"ಎಂಟೂ ಏಳೂ!" ಎಂದು ಮಾಂತ್ರಿಕ ಮತ್ತೆ ಕೂಗಿದ. ಎಲ್ಲವೂ ಓಡಿದವು. ಮೂಲೆಯ ಒಂದು ಸಣ್ಣ ಮಣಿ ಮಾತ್ರ ಅರ್ಧಕ್ಕೆ ಹೋಗಿ ನಿಂತಿತು, ಹಿಂದೆ ಬಂತು, ಮತ್ತೆ ಅರ್ಧಕ್ಕೆ ಹೋಯಿತು. ಸಾಂತವ್ವ ಅದರ ಹತ್ತಿರಕ್ಕೆ ಬಾಗಿದಳು. ಎಂಟೂ ಏಳೂ ಅಂದರೆ ಮನೆಯಲ್ಲೂ ಕೆಂಚ ಹೀಗೇ ತಡವರಿಸುತ್ತಿದ್ದ. ಅದಕ್ಕೇ ತಾನೇ ಅವಳು ದಿನಾ ಹೊಡೆಯುತ್ತಿದ್ದದ್ದು! ಅಯ್ಯೋ, ಬಂದ ಹೆತ್ತವರೆಲ್ಲ ಹೊಳೆಯುವುದನ್ನೇ, ಮುಂದೋಡುವುದನ್ನೇ ಮುಟ್ಟಿ ಮುಟ್ಟಿ ಕೆಟ್ಟಿದ್ದರು.

ಅವಳು ಕೈ ಚಾಚಿದಳು. ಮಾಂತ್ರಿಕನ ಮುಖ ಬಿಳುಚಿತು. "ಬೇಡ! ಅದು ದಡ್ಡ ಮಣಿ, ನಿನಗ್ಯಾಕೆ?"

"ದಡ್ಡನೋ ಜಾಣನೋ, ನನ್ನದು ಕಣೋ!"

ಮುಟ್ಟಿದ್ದೇ ತಡ, ಕೆಂಚ ಅವಳ ಮಡಿಲಿಗೆ ಬಿದ್ದ. ಮಾಂತ್ರಿಕ ಉಳಿದ ಮಣಿಗಳನ್ನು ಎಣಿಸಿದ. ಒಂದು ಕಡಿಮೆ. ಮತ್ತೆ ಎಣಿಸಿದ. ಒಂದು ಕಡಿಮೆ. ಮೂರನೇ ಸಲ ಎಣಿಸುತ್ತಿದ್ದಂತೆ ಬೂದಿಯಾಗಿ ಉದುರಿದ. ಕಂಬಿಗಳು ಮುರಿದವು, ಮಣಿಗಳು ಬಂಡೆಯಿಂದ ಉರುಳಿ ಮತ್ತೆ ಮನುಷ್ಯರಾಗಿ ಎದ್ದವು.

ಸುದ್ದಿ ಕೇಳಿ ಊರೇ ಓಡಿಬಂತು. ಮಕ್ಕಳು ಯಾರನ್ನೂ ತಬ್ಬಲಿಲ್ಲ. ಸಾಲಾಗಿ ನಿಂತು, "ಅಪ್ಪಾ, ಎಲ್ಲಾ ಸರಿಯಾಗೇ ಹೇಳಿದೀನಿ, ಈಗ ಮನೆಗೆ ಕರ್ಕೊಂಡು ಹೋಗ್ತೀಯಾ?" ಎಂದು ಕೇಳಿದವು. ಹೆತ್ತವರು ನೆಲಕ್ಕೆ ಕುಸಿದು ಗೊಳೋ ಎಂದು ಅತ್ತರು.

ಕೆಂಚ ಅಮ್ಮನ ಕಿವಿಯಲ್ಲಿ ಹೇಳಿದ: "ಅವ್ವಾ, ನಂಗೆ ಇನ್ನೂ ಬರಲ್ಲ."

"ಬರದಿದ್ರೆ ಬಿಡು ಕಂದಾ. ಹಸಿವಾಗಿದೆಯಾ?"

ಅಲ್ಲಿಂದಾಚೆ ನೀರಂಗಿಯ ಮಕ್ಕಳು ಬೀದಿಯಲ್ಲಿ ಆಡಿಕೊಂಡು ಬೆಳೆದರು, ಹೆತ್ತವರೂ ನೆಮ್ಮದಿಯಾಗಿದ್ದರು. ಸಾಂತವ್ವನ ಹೋದ ಕಣ್ಣು ಮಾತ್ರ ಬರಲಿಲ್ಲ. ಉಳಿದ ಒಂದರಲ್ಲೇ ಮಗನನ್ನು ಕಣ್ತುಂಬ ನೋಡಿಕೊಂಡು ಸುಖವಾಗಿ ಬಾಳಿದಳು.