ಕೊರಳಿಗೆ ಕೊಟ್ಟ ದನಿ

ಸ್ಲೇಟಿನ ಮೇಲೆ ಒಂದು ಸಾಲು ಮುಗಿದಿತ್ತು. ಎರಡನೆಯದು ಇನ್ನೂ ಬಳಪದ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಹೊಸ ಮೇಸ್ತ್ರಿ ಹೋ ಎಂದು ನಕ್ಕು, ಅಂಗಿಯ ತೋಳಿನಿಂದ ಸ್ಲೇಟನ್ನು ಒರೆಸಿಯೇಬಿಟ್ಟ.

‘ಜೀವ ಇರುವವರ ದನಿಗೆ ಇದನ್ನು ಶ್ರುತಿ ಮಾಡಬೇಡ’ ಎಂದಿತ್ತು ಆ ಸಾಲು.

“ಅಜ್ಜಾ, ಇದು ಕತೆಪುಸ್ತಕದ ವಾದ್ಯ. ಯಾವನೋ ಕೂತ್ಕೊಂಡು ಕಟ್ಟಿದ್ದು. ಕತೇಲಿ ಬರೋ ಹುಲಿ ಎದ್ದು ಬಂದು ಕಚ್ಚುತ್ತಾ?”

ಬರೆದವನು ಪಕ್ಕದ ಅಂಗಡಿಯಲ್ಲಿ ತಂತಿ ಸುತ್ತುವ ಮುದುಕ. ಮಾತು ಬಾರದ ಅವನು ಕೊರಳಿಗೆ ಸ್ಲೇಟು ನೇತುಹಾಕಿಕೊಂಡೇ ತಿರುಗುತ್ತಿದ್ದುದರಿಂದ ಬೀದಿಗೆಲ್ಲ ಸ್ಲೇಟಜ್ಜ. ಅವನು ಮತ್ತೆ ಬಳಪ ಎತ್ತಲಿಲ್ಲ. ತಂದಿದ್ದ ಐದು ತಂತಿಗಳ ಸುರುಳಿಯನ್ನು ಮೇಜಿನ ಮೇಲಿಟ್ಟ. ಹೊಸ್ತಿಲಲ್ಲಿ ಕೂತು ಮರದ ಹೊಟ್ಟಿನಲ್ಲಿ ಆಡುತ್ತಿದ್ದ ಮೇಸ್ತ್ರಿಯ ಮಗಳನ್ನು ಒಂದು ಗಳಿಗೆ ದಿಟ್ಟಿಸಿ, ಹೊರಟುಹೋದ.

ಮೇಸ್ತ್ರಿ ವಾದ್ಯ ಮಾಡುವವರ ಆ ಬೀದಿಗೆ ಬಂದು ಎಂಟು ತಿಂಗಳಾಗಿತ್ತು. ಕೈ ಬಂಗಾರ, ನಾಲಿಗೆ ಕತ್ತರಿ. ನಾಟಕದ ಯಜಮಾನನೊಬ್ಬ ಹಳೆಯ ಕತೆಪುಸ್ತಕ ಹಿಡಿದು ಬಂದಾಗ ಬೀದಿಯ ಉಳಿದವರೆಲ್ಲ ಏನೇನೋ ನೆಪ ಹೇಳಿ ಜಾರಿಕೊಂಡರೆ, ಇವನು ಮಾತ್ರ ಒಪ್ಪಿಕೊಂಡ. ಆ ಕತೆಯಲ್ಲಿ ಒಬ್ಬ ಮಾಟಗಾರ ತನ್ನ ಎದುರಾಳಿಯ ಹಾಡು ಕದಿಯಲು ‘ಕೊರಳಿ’ ಎಂಬ ವಾದ್ಯ ಕಟ್ಟುತ್ತಾನೆ. ಪುಟದ ತುಂಬ ಅದರ ಅಳತೆಗಳು: ಹೊಟ್ಟೆ ಇಷ್ಟಗಲ, ಕತ್ತು ಇಷ್ಟುದ್ದ, ಹೊಟ್ಟೆಯ ಒಳಗೋಡೆಯಲ್ಲಿ ಒಂಬತ್ತು ಗೀರು.

“ರಟ್ಟಿನ ಗೊಂಬೆ ಬೇಡ, ನುಡೀಬೇಕು,” ಎಂದಿದ್ದ ಯಜಮಾನ.

ನುಡಿಯುತ್ತದೆ ಎಂದು ಮೇಸ್ತ್ರಿ ಮಾತು ಕೊಟ್ಟಿದ್ದ. ಒಂಬತ್ತು ಗೀರುಗಳನ್ನೂ ಬಿಡದೆ ಕೊರೆದ. ಒಂಬತ್ತನೆಯದನ್ನು ಉಳಿ ಮುಟ್ಟಿದಾಗ ಒಣಮರದಿಂದ ಸುಟ್ಟ ಕೂದಲಿನ ವಾಸನೆ ಎದ್ದಿತು. ಅಂಟು ಸೀದಿರಬೇಕು ಎಂದುಕೊಂಡ. ಒಲೆಯ ಮೇಲೆ ಅಂಟಿನ ಪಾತ್ರೆಯೇ ಇರಲಿಲ್ಲ ಎಂಬುದು ಅವನಿಗೆ ಆಮೇಲೆ ನೆನಪಾಗುವುದಿತ್ತು.

ಇನ್ನು ಉಳಿದದ್ದು ಶ್ರುತಿ. ಅದಕ್ಕೆಂದು ಯಂತ್ರ ಇಟ್ಟುಕೊಂಡವರನ್ನು ಕಂಡರೆ ಮೇಸ್ತ್ರಿಗೆ ತಾತ್ಸಾರ. ಅವನ ಯಂತ್ರ ಏಳು ವರ್ಷದ ಗುಬ್ಬಿ. ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ ‘ಆ’ ಎನ್ನಿಸುವುದು, ಕಣ್ಣು ಮುಚ್ಚಿ ಮರಕ್ಕೆ ಕಿವಿಯಿಟ್ಟು ತಂತಿ ಬಿಗಿಯುವ ಬಿರಡೆ ತಿರುಗಿಸುವುದು. ಅವಳ ದನಿ ಎಳ್ಳಷ್ಟೂ ಅಲುಗುತ್ತಿರಲಿಲ್ಲ. ಆ ಅಂಗಡಿಯಿಂದ ಹೊರಟ ಒಂದೊಂದು ವಾದ್ಯವೂ ಮೊದಲು ಗುಬ್ಬಿಯನ್ನು ಕೇಳಿಯೇ ಬಾಯಿಬಿಟ್ಟದ್ದು. ಮಗಳ ಕೊರಳೆಂದರೆ ಅವನಿಗೆ ಪ್ರಾಣ.

ಅದೇ ದಿನ ಮಧ್ಯಾಹ್ನ ಇಬ್ಬರೂ ವಾರ್ನಿಶ್ ಕೋಣೆ ಹೊಕ್ಕರು. ಧೂಳು ಕೂರಬಾರದೆಂದು ಕಿಟಕಿಯೇ ಇಲ್ಲದ ಕೋಣೆ. ಬಾಗಿಲು ಹಾಕಿದರೆ ಹಾಡಹಗಲಲ್ಲೂ ಗವ್ವೆನ್ನುವ ಕತ್ತಲು, ಮೂಗಿಗೆ ಅಡರುವ ಅರಗಿನ ಘಾಟು, ಮೂಲೆಯಲ್ಲೊಂದು ಮಂಕು ಬಲ್ಬು.

“ಹೂಂ, ಹೇಳು ಗುಬ್ಬಿ.”

“ಆ...”

ಮೊದಲ ತಂತಿ ಕೂಡಿತು. ಎರಡನೆಯದು ಇನ್ನೂ ಸಲೀಸಾಗಿ ಕೂಡಿತು, ತಾನಾಗಿ ಬಂದು ಅಂಟಿಕೊಂಡ ಹಾಗೆ. ಮೇಸ್ತ್ರಿಗೆ ಹಿಗ್ಗು. ಇಂಥ ಮರವನ್ನು ಅವನು ಮುಟ್ಟಿಯೇ ಇರಲಿಲ್ಲ. ಕಿವಿಗೆ ತಾಗಿದ ಹೊಟ್ಟೆ ಬೆಚ್ಚಗಿತ್ತು.

“ಅಪ್ಪಾ, ಗಂಟಲು ಒಣಗ್ತಿದೆ.”

“ಇನ್ನು ಮೂರೇ ಮೂರು ಕಂದಾ. ಗಟ್ಟಿಯಾಗಿ ಹೇಳು.”

ಮೂರನೆಯದು. ಅವಳ ದನಿ ನೆಗಡಿಯಾದಂತೆ ಕಟ್ಟಿತು. ನಾಲ್ಕನೆಯದಕ್ಕೆ ಬರೀ ಗಾಳಿ.

“ಅಪ್ಪಾ...” ಪಿಸುಮಾತು. “ಸಾಕಪ್ಪಾ...”

“ಆಟ ಆಡ್ಬೇಡ. ಗಟ್ಟಿಯಾಗಿ!”

ಐದನೇ ಬಿರಡೆ ತಿರುಗಿತು. ಆಗ ಬಂತು ದನಿ. ತುಂಬಿದ, ದುಂಡನೆಯ ‘ಆ’. ಶಭಾಷ್ ಎಂದು ಮೇಸ್ತ್ರಿ ಕಣ್ಣು ತೆರೆದ.

ಸ್ಟೂಲು ಖಾಲಿ. ಗುಬ್ಬಿ ಬಾಗಿಲಿಗೆ ಬೆನ್ನು ಒತ್ತಿ ನಿಂತಿದ್ದಳು. ಎರಡೂ ಕೈ ಕೊರಳ ಮೇಲೆ. ಬಾಯಿ ಅಗಲ ತೆರೆದಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಸದ್ದಿರಲಿಲ್ಲ. ದನಿ ಬರುತ್ತಿದ್ದುದು ಅವನ ತೊಡೆಯ ಮೇಲಿಂದ. ತಂತಿಯನ್ನು ಯಾರೂ ಮೀಟಿರಲಿಲ್ಲ.

ನಿಂತಿತು. ಮತ್ತೆ ಶುರುವಾಯಿತು.

“ಸಾಕಪ್ಪಾ,” ಎಂದಿತು ಕೊರಳಿ. “ಸಾಕಪ್ಪಾ. ಸಾಕಪ್ಪಾ.”

ಅವನ ಕೂಗಿಗೆ ಹೆಂಡತಿ ಓಡಿಬಂದು ಬಾಗಿಲು ತೆರೆದಳು. “ಏನ್ರೀ ಆಯ್ತು? ಮಗು ಯಾಕೆ ಹಿಂಗೆ ಬಾಯಿ ಬಿಡ್ತಿದೆ? ಮಾತಾಡೇ, ಮಾತಾಡೇ ನನ್ನಮ್ಮಾ!” ಒಳಗಿನ ಕತ್ತಲಿನಿಂದ ಮಗಳ ದನಿ “ಅಮ್ಮಾ” ಎಂದಾಗ ಅವಳು ಅಲ್ಲೇ ಕುಸಿದಳು.

ಮೇಸ್ತ್ರಿ ಸುತ್ತಿಗೆ ಎತ್ತಿದ. ಎತ್ತಿದ ಕೈಯನ್ನು ಹಿಂದಿನಿಂದ ಯಾರೋ ಹಿಡಿದರು. ಸ್ಲೇಟಜ್ಜ. ಬಳಪ ಕಿರುಗುಟ್ಟಿತು.

‘ಒಡೆದರೆ ಆ ದನಿ ಸತ್ತಂತೆ. ನನ್ನದು ಹಾಗೇ ಹೋಯಿತು.’

ಈ ಸಲ ಒರೆಸಿದವನು ಮುದುಕನೇ. ಮತ್ತೆ ಬರೆದ.

‘ಕತೆ ಬರೆದವನಿಗೆ ಅಳತೆ ಕೊಟ್ಟವನು ನಾನು.’

ಮೇಸ್ತ್ರಿ ಅವನ ಕಾಲು ಹಿಡಿದುಕೊಂಡ. “ತಪ್ಪಾಯ್ತಜ್ಜಾ. ಬೆಳಿಗ್ಗೆ ಇನ್ನೊಂದು ಸಾಲು ಬರೀತಿದ್ರಲ್ಲ, ಏನದು? ಏನದು ಹೇಳಿ!”

ಮುದುಕ ಆ ಸಾಲನ್ನು ಬರೆದ. ‘ಮಾಡಿದರೆ, ಬಿಡಿಸಲು ಬೇರೆ ಕೊರಳು ಕೊಡಬೇಕು.’

ಮೇಸ್ತ್ರಿ ಯೋಚಿಸಲಿಲ್ಲ. ವಾದ್ಯವನ್ನು ತಬ್ಬಿ ಕೂತ. ಮೊದಲ ಬಿರಡೆ ಸಡಿಲಿಸಿದ. ಬಾಯಿ ತೆರೆದ. “ಆ...” ತಂತಿ ಕೂಡಿತು. ಗುಬ್ಬಿ ಕೆಮ್ಮಿದಳು. ಎರಡು. ಗಂಟಲಲ್ಲಿ ಮರಳು ಸುರಿದ ಹಾಗಾಯಿತು. ಮೂರು. ಸುಟ್ಟ ಕೂದಲಿನ ವಾಸನೆ. “ಅ... ಪ್ಪಾ,” ಬಾಗಿಲ ಬಳಿ ಸಣ್ಣ ದನಿ. ನಾಲ್ಕು. ಬೆವರು ಕಣ್ಣಿಗಿಳಿಯಿತು. ಇನ್ನೊಂದೇ. ಎದೆಯಲ್ಲಿ ಇನ್ನೊಂದೇ ಉಸಿರಿನಷ್ಟು ದನಿ ಉಳಿದಿತ್ತು. ಅದನ್ನು ‘ಆ’ ಎಂದು ಕಳೆಯಲು ಅವನಿಗೆ ಮನಸ್ಸಾಗಲಿಲ್ಲ.

“ಗುಬ್ಬೀ,” ಎಂದ.

ತಂತಿ ಕೂಡಿತು.

“ಅಪ್ಪಾ!” ಎಂದು ಅವಳು ಗಟ್ಟಿಯಾಗಿ ಅತ್ತಳು. ತಾಯಿ ಅವಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅಳಬೇಡ ಎನ್ನಲು ಮೇಸ್ತ್ರಿ ಬಾಯಿ ತೆರೆದ, ಹಾಗೆಯೇ ಮುಚ್ಚಿದ. ಸ್ಲೇಟಜ್ಜ ತನ್ನ ಕೊರಳಿನಿಂದ ಸ್ಲೇಟು ತೆಗೆದು ಅವನ ಕೊರಳಿಗೆ ಹಾಕಿದ. ಮನೆಯಲ್ಲಿ ಇನ್ನೊಂದಿದೆ ಎಂದು ಸನ್ನೆ ಮಾಡಿದ.

ಯಜಮಾನನಿಗೆ ಕೊರಳಿ ಸಿಗಲಿಲ್ಲ. ಎಷ್ಟು ಬೈದರೂ ಮೇಸ್ತ್ರಿ ಕೊಡಲಿಲ್ಲ. ಕೆಳಗೆ ಬಿದ್ದು ಒಡೆದರೆ ಅದರೊಳಗಿನ ತನ್ನ ದನಿಯೂ ಹೋಯಿತಲ್ಲ. ಅಂಗಡಿಯ ಗೋಡೆಗೆ ಎರಡು ಮೊಳೆ ಹೊಡೆದು ತೂಗುಹಾಕಿದ. ಮಗಳ ಮಾತು ಮನೆ ತುಂಬಿತು, ಅಷ್ಟು ಸಾಕು ಎಂದುಕೊಂಡ. ಅಷ್ಟು ಸಾಕಾಗಿತ್ತು ಕೂಡ, ಒಂದು ವಾರ.

ಎಂಟನೆಯ ದಿನ ಬೆಳಿಗ್ಗೆ ಬೀದಿಯಲ್ಲಿ ಭಾರದ ಲಾರಿಯೊಂದು ಹಾದುಹೋಯಿತು. ಗೋಡೆ ನಡುಗಿತು, ಐದನೇ ತಂತಿ ಅದುರಿತು.

“ಗುಬ್ಬೀ,” ಎಂದಿತು, ಅವನದೇ ದನಿಯಲ್ಲಿ, ಅವನದೇ ಅಕ್ಕರೆಯಲ್ಲಿ.

“ಬಂದೆ ಅಪ್ಪಾ!”

ಒಳಗಿನಿಂದ ಪುಟ್ಟ ಹೆಜ್ಜೆಗಳು ಓಡಿಬಂದವು. ಮೇಸ್ತ್ರಿ ಉಳಿ ಕೆಳಗಿಟ್ಟು ಎರಡೂ ಕೈ ಚಾಚಿದ. ಗುಬ್ಬಿ ಆ ಕೈಗಳ ಪಕ್ಕದಿಂದ ನುಸುಳಿ, ಗೋಡೆಯ ಮುಂದೆ ನಿಂತು, ತಲೆಯೆತ್ತಿ ಕೇಳಿದಳು.

“ಏನಪ್ಪಾ?”