ಕೈ ಎತ್ತಿದಾಗ ಬಿಚ್ಚುವ ಹೊಲಿಗೆ

"ಉಸಿರು ಬಿಗಿಹಿಡೀರಿ. ಅಲ್ಲಾಡಬೇಡಿ."

"ಅಲ್ಲಾಡ್ತೀನಿ," ಎಂದಳು ಟೈಲರಮ್ಮ.

ಎಕ್ಸ್‌ರೇ ತೆಗೆಯುವವನು ಗಾಜಿನ ಹಿಂದಿನಿಂದ ಇಣುಕಿದ. ಇಣುಕಿದರೆ ಇಣುಕಲಿ.

ಅವಳು ಕೂತಿದ್ದ ಬಸ್ಸು ಗಕ್ಕನೆ ನಿಂತು ಕತ್ತು ಜಗ್ಗಿದ ದಿನದಿಂದ ಎಂಟು ತಿಂಗಳು, ಬಟ್ಟೆಯ ಮೇಲೆ ಬಗ್ಗಿದರೆ ಸಾಕು, ಅವಳ ತಲೆ ಗಿರ್ರೆನ್ನುತ್ತಿತ್ತು. ಕತ್ತಿನಿಂದ ಜಾರಿಯೇ ಬೀಳುತ್ತದೇನೋ ಅನ್ನಿಸುತ್ತಿತ್ತು. ಈ ಹಿಂದಿನ ಮೂರು ಎಕ್ಸ್‌ರೇಗಳೂ ನಾರ್ಮಲ್. "ಎಲ್ಲಾ ನಿನ್ನ ಮನಸ್ಸಲ್ಲಿ. ಇದೂ ನಾರ್ಮಲ್ ಅಂದ್ರೆ ಅಂಗಡಿ ಮುಚ್ಚಿ ಮನೇಲಿರು," ಎಂದು ಅಣ್ಣ ಖಡಾಖಂಡಿತವಾಗಿ ಹೇಳಿ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಮನಸ್ಸಂತೆ! ಮನಸ್ಸು ಗಟ್ಟಿಯಾಗಿದ್ದದ್ದಕ್ಕೇ ಅವಳಿನ್ನೂ ನಿಂತಿದ್ದಳು.

"ನೀವು ರವಿಕೇನ ಹ್ಯಾಂಗರ್‌ಗೆ ಹಾಕಿ ಫೋಟೋ ತೆಗೀತಿದೀರಿ," ಎಂದಳು. "ಅಲ್ಲಿ ಎಲ್ಲಾ ಹೊಲಿಗೇನೂ ಗಟ್ಟೀನೇ. ತೊಡಿಸಿ, ಕೈ ಎತ್ತಿಸಿ ನೋಡಿ. ಎಲ್ಲಿ ಬಿಚ್ಚುತ್ತೆ ಗೊತ್ತಾಗುತ್ತೆ."

ಅವನು ಮೊದಲ ಸಲ ಅವಳ ಕತ್ತು ಬಿಟ್ಟು ಕಣ್ಣು ನೋಡಿದ.

"ಕತ್ತು ಬಗ್ಗಿಸಿಯೂ ತೆಗೀಬಹುದು. ಡಾಕ್ಟರ್ ಬರೆದುಕೊಡ್ಬೇಕು. ಇರಿ, ಜಗಳ ಆಡ್ಕೊಂಡು ಬರ್ತೀನಿ."

ಚೀಟಿಯೊಂದಿಗೆ ಬಂದಾಗ ಅವನ ಕಿವಿಗಳು ಕೆಂಪಾಗಿದ್ದವು. ಹಿಂದೆಯೇ ಡಾಕ್ಟರೂ ಬಂದರು.

"ಬೈಸ್ಕೊಂಡ್ರಾ?" ಪಿಸುಗುಟ್ಟಿದಳು.

"ಹೊಟ್ಟೆ ತುಂಬಾ."

ಡಾಕ್ಟರು ಪಕ್ಕದಲ್ಲೇ ನಿಂತರು. ಮುಂದಕ್ಕೆ ಬಗ್ಗಿಸಿ ಒಂದು, ಹಿಂದಕ್ಕೆ ಬಾಗಿಸಿ ಇನ್ನೊಂದು. ಸ್ಕ್ರೀನಿನಲ್ಲಿ ಕತ್ತಿನ ಮೇಲ್ತುದಿಯ ಎರಡು ಮೂಳೆಗಳು ಒಂದರಿಂದೊಂದು ಸರಿದಿದ್ದವು. ಅವನ್ನು ಹಿಡಿದಿಡಬೇಕಾದ ಲಿಗಮೆಂಟ್ ಸಡಿಲವಾಗಿತ್ತು. ಅಣ್ಣನನ್ನು ಕರೆದು ತೋರಿಸಿದರು. ಕಾಯಿಲೆ ಇದೆ ಎಂದರೆ ಯಾರಾದರೂ ಖುಷಿಪಡುತ್ತಾರೆಯೇ? ಅವಳು ಅತ್ತೂ ಅತ್ತೂ ಖುಷಿಪಟ್ಟಳು.

ಆರು ವಾರ ಕತ್ತಿಗೆ ಕಾಲರ್, ಆಮೇಲೆ ನಿಧಾನವಾಗಿ ವ್ಯಾಯಾಮ, ಅದಕ್ಕೂ ಸರಿಹೋಗದಿದ್ದರೆ ಆಪರೇಷನ್. ಅಂಗಡಿ ಮಾತ್ರ ಮುಚ್ಚಲಿಲ್ಲ. ಎಕ್ಸ್‌ರೇಯವನೇ ಬಂದು, ಅವಳು ಬಗ್ಗದೆ ಹೊಲಿಯುವಂತೆ ಮೆಷಿನ್ನಿನ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿದ. ಆಮೇಲೂ ಬರುತ್ತಲೇ ಇದ್ದ.

"ಅವನಿಗಿಲ್ಲಿ ಏನು ಕೆಲಸ?" ಅಣ್ಣ ಗುರುಗುಟ್ಟಿದ.

"ಷರ್ಟಿಗೆ ಗುಂಡಿ ಹಾಕಿಸ್ಕೋತಾರೆ."

"ಒಂದು ಷರ್ಟಿಗೆ ಎಷ್ಟು ಗುಂಡಿ?"

ಐದನೇ ವಾರ, ಅಣ್ಣ ಬಾಗಿಲಲ್ಲೇ ಕೂತಿದ್ದಾಗ, ಅವನು ಬಂದು ಮೆಷಿನ್ನಿನ ಎದುರು ನಿಂತ. ಷರ್ಟಿನ ಗುಂಡಿಗಳೆಲ್ಲ ಸರಿಯಾಗಿದ್ದವು.

"ನನ್ನ ಮದ್ವೆ ಆಗ್ತೀರಾ?" ಎಂದವನು ಗಾಬರಿಯಿಂದ ಸೇರಿಸಿದ, "ಅಲ್ಲಾಡಬೇಡಿ. ಬಾಯಲ್ಲೇ ಹೇಳಿ."

ನಾಚಿ ತಲೆ ತಗ್ಗಿಸಲು ಕಾಲರ್ ಬಿಡಲಿಲ್ಲ. ಬಿಟ್ಟಿದ್ದರೂ ಅವಳು ತಗ್ಗಿಸುತ್ತಿರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು, ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ಆಗ್ತೀನಿ. ಅಣ್ಣಾ, ಕೇಳಿಸ್ತಾ?"